ಓದಿದ ತಕ್ಷಣ ಉತ್ತರ

ರೋಸಾಲಿ ಕ್ವಿಂಟೀರಿಗೆ ಹೆದರಿಕೆ ಅಂಗಾಲಿನಿಂದ ಹತ್ತುತ್ತದೆ. ಹುಟ್ಟಿನಿಂದಲೇ ಕಿವಿ ಕೇಳದ ಹೆಂಗಸು. ಯಾರಾದರೂ ಬಾಗಿಲು ದಬ್ಬಿದರೆ, ಮಹಡಿಯ ಮೇಲೆ ಏನಾದರೂ ಬಿದ್ದರೆ, ಬೀದಿಯಲ್ಲಿ ಭಾರದ ಲಾರಿ ಹಾದರೆ, ಅದು ಮೊದಲು ಗೊತ್ತಾಗುವುದು ಮರದ ನೆಲಕ್ಕೆ ತಾಗಿದ ಅವಳ ಪಾದಗಳಿಗೆ. ಅದಕ್ಕೇ ಎಂಥ ಚಳಿಯಲ್ಲೂ ಮನೆಯೊಳಗೆ ಚಪ್ಪಲಿ ಮೆಟ್ಟುವುದಿಲ್ಲ, ಬರೀ ಕಾಲುಚೀಲ. ರಾಚೆಸ್ಟರಿನ ಜನವರಿ ಬಲ್ಲವರು ಇದನ್ನು ಹುಚ್ಚು ಅನ್ನುತ್ತಾರೆ. ಅನ್ನಲಿ. ಕಿವಿಗೆ ಯಾರಾದರೂ ಹತ್ತಿ ತುರುಕಿಕೊಂಡು ಕೂರುತ್ತಾರೆಯೇ ಎಂದು ಅವಳು ಕೇಳುತ್ತಾಳೆ.

ಗಂಡ ಲೈಲನಿಗೂ ಕಿವಿ ಕೇಳದು. ಇವರಿಬ್ಬರ ಹೊಟ್ಟೆಯಲ್ಲಿ ಹುಟ್ಟಿದ ಮರಿಸ್ಸಾಗೆ ಮಾತ್ರ ಸೂಜಿ ಬಿದ್ದರೂ ಕೇಳುತ್ತದೆ. ಮೂವರ ಮನೆಯಲ್ಲಿ ಮಾತೆಲ್ಲ ಕೈಯಲ್ಲೇ. ಮಗಳ ಹೆಸರಿಗೂ ಒಂದು ಸನ್ನೆ ಇದೆ: ಮೂರು ಬೆರಳು ಮಡಿಸಿ ಕೆನ್ನೆಯ ಗುಳಿಗೆ ಎರಡು ಸಲ ತಟ್ಟುವುದು. ಕೈಮಾತಿಗೆ ಒಂದೇ ಒಂದು ಕೊರತೆ. ಎದುರಿಗೆ ಕಾಣಬೇಕು. ನಡುವೆ ಒಂದು ಗೋಡೆ ಬಂತೋ, ಮಾತು ಅಲ್ಲಿಗೇ ಮುಗಿಯಿತು. ಹಿಂದೆ ಲೈಲ್ ನೆಲಮಾಳಿಗೆಯಲ್ಲಿದ್ದರೆ ರೋಸಾಲಿ ಅಡುಗೆಮನೆಯ ನೆಲವನ್ನು ಧಡಧಡ ಒದೆಯಬೇಕಿತ್ತು, ಇಲ್ಲವೇ ದೀಪದ ಗುಂಡಿಯನ್ನು ಆರಿಸಿ ಹತ್ತಿಸಿ ಆಡಬೇಕಿತ್ತು. ಆಮೇಲೆ ಮೆಸೇಜು ಬಂತು, ಗೋಡೆಗಳಿಗೆ ಬಾಯಿ ಬಂದ ಹಾಗಾಯಿತು. ಫೋನು ಬಂದು ಸಂಸಾರ ಹಾಳಾಯಿತು, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದು ಗೋಳಾಡುವವರನ್ನು ಕಂಡರೆ ರೋಸಾಲಿಗೆ ಮೈ ಉರಿಯುತ್ತದೆ. ಕೇಳುವ ಜನಕ್ಕೆ ಕೊಟ್ಟದ್ದೆಲ್ಲ ಹೆಚ್ಚೇ ಆಯಿತು, ಅದಕ್ಕೇ ಗೋಳು ಅನ್ನುತ್ತಾಳೆ.

ಅವಳ ಮನೆಯ ಮೆಸೇಜುಗಳು ಹೀಗಿರುತ್ತವೆ. ನೆಲಮಾಳಿಗೆಯಿಂದ ಲೈಲ್, "ಕಾಫಿ ಆಯ್ತಾ?" ಮೇಲಿಂದ ರೋಸಾಲಿ, "ಆಗಿದೆ. ಮೆಟ್ಟಿಲೂ ಇದೆ. ಹತ್ಕೊಂಡು ಬಾ." "ಮಂಡಿ ನೋವು ಕಣೇ." "ಮೊನ್ನೆ ಕ್ಲಬ್ಬಲ್ಲಿ ಕುಣೀವಾಗ ಎಲ್ಲಿ ಬಿಟ್ಟು ಬಂದಿದ್ದೆ ಮಂಡೀನ?" ಕೋಟುಗಳನ್ನು ಹೊಲಿಯುವ ಕಾರ್ಖಾನೆಯಲ್ಲಿ ತೋಳು ಕೂರಿಸುವ ಕೆಲಸ ಅವಳದು. ಊಟದ ಹೊತ್ತಿಗೆ ಮಗಳ ಮೆಸೇಜು ಬರಲೇಬೇಕು: ಏನು ತಿಂದೆ, ಯಾರು ಬೈದರು, ಕಾಲು ತಣ್ಣಗಿದೆಯೇ. ಮರಿಸ್ಸಾ ಈಗ ಬಫಲೋದಲ್ಲಿ ಹಲ್ಲಿನ ಡಾಕ್ಟರರೊಬ್ಬರ ಹತ್ತಿರ ಕೆಲಸಕ್ಕಿದ್ದಾಳೆ. ಕಾರಿನಲ್ಲಿ ಒಂದೂಕಾಲು ಗಂಟೆಯ ಊರು, ಆದರೆ ತಾಯಿಗೆ ಅವಳು ಪಕ್ಕದ ಕೋಣೆಯಲ್ಲಿದ್ದ ಹಾಗೇ.

ಆ ಮನೆಗೆ ಒಂದು ಕಟ್ಟಳೆ ಇತ್ತು. ಮೆಸೇಜು ಓದಿದ ತಕ್ಷಣ ಉತ್ತರ ಕೊಡಬೇಕು. ಆಮೇಲೆ ಅನ್ನುವಂತಿಲ್ಲ. ಬಚ್ಚಲಲ್ಲಿರಲಿ, ಪ್ರಾರ್ಥನೆಯಲ್ಲಿರಲಿ, ಒಂದು ಅಕ್ಷರವಾದರೂ ಸರಿ. ಇದನ್ನು ತಂದವಳು ರೋಸಾಲಿಯೇ, ತರಲು ಕಾರಣವೂ ಇತ್ತು.

ಮರಿಸ್ಸಾ ಒಂಬತ್ತು ವರ್ಷದವಳಿದ್ದಾಗ ಒಂದು ಸಂಜೆ ಗೆಳತಿಯ ಮನೆಯಿಂದ ಹೊತ್ತಿಗೆ ಸರಿಯಾಗಿ ಬರಲಿಲ್ಲ. ರೋಸಾಲಿ ಹುಡುಕಿಕೊಂಡು ಹೋದಳು. ಗೆಳತಿಯ ಮನೆಯಲ್ಲಿ ಯಾರೂ ಇಲ್ಲ. ಪಾರ್ಕಿನಲ್ಲಿ ಕತ್ತಲಾಗುತ್ತಿತ್ತು. ಬೇರೆ ತಾಯಂದಿರಾದರೆ ಹೆಸರು ಹಿಡಿದು ಕೂಗುತ್ತಾರೆ; ಕೂಗಿ, ನಿಂತು, ಕಿವಿಗೊಡುತ್ತಾರೆ. ರೋಸಾಲಿ ಕೂಗಿದಳು. ತನ್ನ ದನಿ ಹೇಗಿದೆಯೋ ಅವಳಿಗೆ ಗೊತ್ತಿಲ್ಲ, ಆದರೆ ನಾಯಿ ಅಡ್ಡಾಡಿಸುತ್ತಿದ್ದವರು ಹಿಂದೆ ಸರಿದು ನಿಂತ ರೀತಿಯಿಂದ ಅದು ಹೆಸರಿನ ಹಾಗೆ ಕೇಳಿಸಲಿಲ್ಲ ಎಂದು ತಿಳಿಯಿತು. ಹುಡುಗಿ ಅಮ್ಮಾ ಅಂದಿದ್ದರೂ ಅವಳಿಗೆ ಕೇಳುತ್ತಿರಲಿಲ್ಲ. ಪೊದೆ ಪೊದೆಯ ಹಿಂದೆ ಹೋಗಿ ಕಣ್ಣಾರೆ ನೋಡಬೇಕಾಗಿತ್ತು, ಅಷ್ಟೆ. ಕೊನೆಗೆ ಹುಡುಗಿ ಗೆಳತಿಯ ತಾಯಿಯ ಕಾರಿನಲ್ಲಿ, ಕೈಯಲ್ಲಿ ಐಸ್‌ಕ್ರೀಮು ಹಿಡಿದು ಬಂದಿಳಿದಳು. ಆ ವಾರವೇ ರೋಸಾಲಿ ಮೆಸೇಜು ಕಳಿಸುವ ಪುಟ್ಟ ಯಂತ್ರಗಳನ್ನು ತಂದಳು, ತನಗೊಂದು, ಗಂಡನಿಗೊಂದು, ಮಗಳಿಗೊಂದು.

"ನಿನ್ನ ಹೆಸರು ಹಿಡ್ದು ಕೂಗೋಕೆ ನಂಗೆ ಗಂಟಲಿಲ್ಲ ಮಗಾ. ಇದೇ ನನ್ನ ಗಂಟಲು. ನಾನು ಕೂಗ್ದಾಗ ನೀನು ಓ ಅನ್ಬೇಕು," ಎಂದು ಕೈಯಲ್ಲಿ ಹೇಳಿದಳು. ಹುಡುಗಿ ಕಿಲಾಡಿ. "ನಾನು ಕೂಗ್ದಾಗ?" ಎಂದಳು. ನಾನೂ ಓ ಅಂತೀನಿ ಎಂದು ತಾಯಿ ಆಣೆ ಮಾಡಿದಳು. ಅಂದಿನಿಂದ ಇಬ್ಬರೂ ತಪ್ಪಿದ್ದಿಲ್ಲ. ಲೈಲ್ ಅಂತೂ ಕೆಂಪು ದೀಪಕ್ಕೆ ಕಾರು ನಿಂತ ಕಡೆಯೆಲ್ಲ ಹೆಬ್ಬೆರಳಾಡಿಸುತ್ತಾನೆ. ಹಸಿರಾದರೂ ಒಂದೊಂದು ಸಲ ನಿಲ್ಲಿಸುವುದಿಲ್ಲ. ಕೆಲಸದ ಹೊತ್ತಿನಲ್ಲಿ ಮಾತ್ರ ಅವನು ಕೈಗೆ ಸಿಗುವುದಿಲ್ಲ, ಪಾರ್ಸೆಲ್ಲು ವಿಂಗಡಿಸುವ ಗೋದಾಮಿನಲ್ಲಿ ಫೋನುಗಳನ್ನು ಕಪಾಟಿಗೆ ಹಾಕಿ ಬೀಗ ಹಾಕಿಸುತ್ತಾರೆ.

ಈಗ ಆ ಶನಿವಾರಕ್ಕೆ ಬರೋಣ.

ಮಾರನೆಯ ದಿನದ ಊಟಕ್ಕೆ ರೋಸಾಲಿ ಟೊಮೆಟೊ ಸಾಸು ಒಲೆಗಿಟ್ಟಿದ್ದಳು. ಭಾನುವಾರ ಆ ಸಾಸು, ಮಾಂಸದ ಉಂಡೆ, ಪಾಸ್ತಾ ಇಲ್ಲದಿದ್ದರೆ ಅದು ಭಾನುವಾರವೇ ಅಲ್ಲ ಎಂದು ಅವಳ ಅಜ್ಜಿ ಹೇಳಿಹೋಗಿದ್ದಾಳೆ. ಮರಿಸ್ಸಾ ಮಧ್ಯಾಹ್ನ ಹೊರಟು ಬರುವವಳಿದ್ದಳು. ಲೈಲ್ ಶನಿವಾರದ ಪಾಳಿಗೆ ಹೋಗಿದ್ದ. ಬೆಳಿಗ್ಗೆ ತಿಳಿಯಾಗಿದ್ದ ಆಕಾಶ ಊಟದ ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗಿತು, ಆಮೇಲೆ ಹಿಮ ಅಡ್ಡಡ್ಡ ಬೀಸತೊಡಗಿತು. ಎದುರುಮನೆ ಕಂಡು, ಮಾಯವಾಗಿ, ಮತ್ತೆ ಕಂಡಿತು.

ಆಗ ಬಿಯಾಟ್ರಿಸಳ ಮೆಸೇಜು ಬಂತು. ಬಿಯಾಟ್ರಿಸ್ ಕಿವುಡರ ಕ್ಲಬ್ಬಿನ ಗೆಳತಿ. ಊರಲ್ಲಿ ಯಾರ ಮನೆಯ ಬೆಕ್ಕು ಸತ್ತರೂ ಮೊದಲು ಗೊತ್ತಾಗುವುದು ಅವಳಿಗೆ, ಗೊತ್ತಾದದ್ದು ಅವಳ ಕೈಯಲ್ಲಿ ನಿಲ್ಲುವುದಿಲ್ಲ. "ಬಫಲೋ ಹೆದ್ದಾರಿ ನೋಡಿದ್ಯಾ? ಲಾರಿ ಮೇಲೆ ಲಾರಿ ಗುದ್ದಿವೆ. ಕಾರುಗಳೂ ಇವೆಯಂತೆ. ನಿನ್ನ ಮಗಳು ಇವತ್ತು ಹೊರಡೋಳಲ್ಲ ತಾನೆ?"

ರೋಸಾಲಿ ಯೋಚಿಸಲೂ ಇಲ್ಲ. ಬೆರಳು ತಾನಾಗಿ ಓಡಿತು. "ಎಲ್ಲಿದ್ದೀಯಾ?"

ಅಂಗೈಯಲ್ಲಿ ಫೋನು ಆಗಲೇ ನಡುಗಿತು. "ದಾರೀಲಿ. ಡ್ರೈವ್ ಮಾಡ್ತಿದೀನಿ. ಹಿಮ ಜಾಸ್ತಿ. ಆರಾಮಿದೀನಿ ಅಮ್ಮಾ."

ಆ ಕ್ಷಣದ ನೆಮ್ಮದಿಯನ್ನು ಅವಳು ಆಮೇಲೆ ಎಷ್ಟು ಶಪಿಸಿಕೊಂಡಳೋ. ಬದುಕಿದಳು ಎಂದುಕೊಂಡು ಉಸಿರು ಬಿಟ್ಟಳು, ಮತ್ತೆ ಮೆಸೇಜಿನ ಮೇಲೆ ಕಣ್ಣು ಹೋಯಿತು. ಡ್ರೈವ್ ಮಾಡ್ತಿದೀನಿ. ಹುಡುಗಿಯ ಒಂದು ಕೈ ಸ್ಟಿಯರಿಂಗ್ ಚಕ್ರದ ಮೇಲಿದೆ, ಇನ್ನೊಂದು ಫೋನಿನ ಮೇಲೆ. ಮುಂದೆ ಏನೂ ಕಾಣದ ಬಿಳಿ, ಆ ಬಿಳಿಯೊಳಗೆ ಎಲ್ಲೋ ಅಡ್ಡ ಬಿದ್ದ ಲಾರಿಗಳು, ಹುಡುಗಿಯ ಕಣ್ಣು ಕೆಳಗೆ. ಕೆಳಗೆ ನೋಡಿಸಿದವಳು ತಾನು. ರೋಸಾಲಿ, "ಡ್ರೈವ್ ಮಾಡ್ತಾ ಟೈಪ್ ಮಾಡಬೇಡ!" ಎಂದು ಕಳಿಸಿದಳು.

ಫೋನು ನಡುಗಿತು. "ಸರಿ ಸರಿ."

 ಬೇಡ ಅಂದದ್ದಕ್ಕೂ ಹುಡುಗಿ ಓ ಅಂದಿದ್ದಳು. ಇನ್ನೇನು ಕಳಿಸಿದರೂ ಓ ಅನ್ನುತ್ತಾಳೆ. ಸಾಯುವ ಹೊತ್ತಿಗೂ ಓ ಅನ್ನುವ ಹಾಗೆ ಒಂಬತ್ತು ವರ್ಷದವಳನ್ನು ಕೂರಿಸಿಕೊಂಡು ಕಲಿಸಿದವಳು ಹೆತ್ತ ತಾಯಿ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ಆದರೆ ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುವವಳು ಇನ್ನೊಬ್ಬಳು.

ಸುಮ್ಮನಿರಬೇಕು. ಅದೊಂದೇ ದಾರಿ. ಫೋನನ್ನು ಮೇಜಿನ ಮೇಲೆ ಮಕಾಡೆ ಇಟ್ಟಳು. ಸಾಸು ಕಲಕಿದಳು. ಕಲಕಿ ತಿರುಗುವಷ್ಟರಲ್ಲಿ ಫೋನು ಮತ್ತೆ ಕೈಯಲ್ಲಿತ್ತು, "ನಿಧಾನಕ್ಕೆ ಬಾ ಮಗಾ" ಎಂದು ಬರೆದೂ ಆಗಿತ್ತು, ಕಳಿಸುವುದೊಂದೇ ಬಾಕಿ. ಅಳಿಸಿದಳು. ಫೋನನ್ನು ಬ್ರೆಡ್ಡಿನ ಡಬ್ಬಿಗೆ ಹಾಕಿದಳು, ಡಬ್ಬಿಯ ಮುಂದೆಯೇ ನಿಂತಳು. ಅವಳ ಕೈಯೇ ಅವಳಿಗೆ ಶತ್ರುವಾದ ಮೇಲೆ ಡಬ್ಬಿಯ ಮುಚ್ಚಳ ಏನು ಮಾಡೀತು? ಕೊನೆಗೆ ಬೂಟು ಹಾಕಿಕೊಂಡು, ಫೋನನ್ನು ಪೂರ್ತಿ ಆರಿಸಿ, ಹಿಮದಲ್ಲಿ ಮೊಣಕಾಲು ಹುಗಿಯುತ್ತ ಬೀದಿಯಂಚಿಗೆ ನಡೆದು, ತಮ್ಮ ಮನೆಗೆ ಬಂದ ಕಾಗದಗಳನ್ನು ಹಾಕಿಹೋಗುವ, ಕಂಬದ ಮೇಲಿನ ಅಂಚೆ ಪೆಟ್ಟಿಗೆಯೊಳಗೆ ಅದನ್ನಿಟ್ಟು ಬಾಗಿಲು ಮುಚ್ಚಿ ಬಂದಳು. ಹುಡುಗಿ ಬಂದಿಳಿದ ಮೇಲೆ ತಾನೇ ತೆಗೆದುಕೊಂಡು ಬರಲಿ.

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಮೈಮೇಲೆ ಫೋನಿರಲಿಲ್ಲ. ಪಾರ್ಕಿನ ಆ ಸಂಜೆ ಇದ್ದ ಹಾಗೇ ಆದಳು. ಹುಡುಗಿ ಬರಬೇಕಾದ ಹೊತ್ತು ಬಂತು, ಹೋಯಿತು. ಕಿಟಕಿಯ ಹೊರಗೆ ಬೆಳಕು ಇಳಿಯಿತು. ಬೆರಳುಗಳು ಏಪ್ರನ್ನಿನ ಅಂಚನ್ನು ಹಿಡಿದು ಮೆಸೇಜು ಬರೆಯುತ್ತಲೇ ಇದ್ದವು. ಸಾಸು ತಳ ಹಿಡಿದ ವಾಸನೆ ಬಂದಾಗ ಒಲೆ ಆರಿಸಿದಳು, ಅದರ ಮೇಲೆ ಸಿಟ್ಟೂ ಬರಲಿಲ್ಲ. ಅಂಗಾಲನ್ನು ನೆಲಕ್ಕೆ ಒತ್ತಿ ನಿಂತಳು. ಒಂದು ಸಲ ನೆಲ ಗುಡುಗಿತು, ಏನೋ ದೊಡ್ಡದು ಹಾದುಹೋಯಿತು, ಕಾರಲ್ಲ. ಮತ್ತೆ ಏನೂ ಇಲ್ಲ.

ಇನ್ನು ತಡೆಯಲಾಗಲಿಲ್ಲ. ಹುಡುಗಿ ಎಲ್ಲಾದರೂ ನಿಲ್ಲಿಸಿದ್ದರೆ, ನಿಲ್ಲಿಸಿ ಮೆಸೇಜು ಕಳಿಸಿದ್ದರೆ? ಓದುವುದಷ್ಟೆ, ಉತ್ತರ ಕೊಡುವುದಿಲ್ಲ ಎಂದು ತನಗೆ ತಾನೇ ಆಣೆ ಹಾಕಿಕೊಂಡು ಬೂಟು ಹಾಕಿದಳು. ಬೀದಿಯಂಚಿಗೆ ಬಂದರೆ ಕಂಬವಿಲ್ಲ. ಪೆಟ್ಟಿಗೆಯಿಲ್ಲ. ಆಗ ಗುಡುಗಿದ್ದು ಹಿಮ ತಳ್ಳುವ ಲಾರಿ. ಬೀದಿಯ ಹಿಮವನ್ನೆಲ್ಲ ಎದೆಯೆತ್ತರ ಗುಡ್ಡೆ ಮಾಡಿ ಅಂಚಿಗೆ ದೂಡಿಕೊಂಡು ಹೋಗಿತ್ತು, ಕಂಬವನ್ನು ಎಲ್ಲಿ ಮುರಿದು ಎಲ್ಲಿಗೆ ಎಳೆದಿತ್ತೋ. ಪ್ರತಿ ಚಳಿಗಾಲದಲ್ಲೂ ಆ ಬೀದಿಯಲ್ಲಿ ಒಂದೆರಡು ಪೆಟ್ಟಿಗೆ ಹೀಗೆ ಹೋಗುತ್ತವೆ, ಎಲ್ಲರೂ ಬೈದು ಹೊಸ ಕಂಬ ನೆಡುತ್ತಾರೆ. ಹೋದ ಚಳಿಗಾಲ ತಾನೇ ಪಕ್ಕದ ಮನೆಯವರ ಪೆಟ್ಟಿಗೆ ಹೋದಾಗ ರೋಸಾಲಿ ನಕ್ಕಿದ್ದಳು.

ಸಲಿಕೆ ತಂದು ಅಗೆದಳು. ಹಿಮ ಒತ್ತಿ ಒತ್ತಿ ಕಲ್ಲಾಗಿತ್ತು. ಒಂದು ಕಡೆ ಅಗೆದಳು, ಇನ್ನೊಂದು ಕಡೆ ಅಗೆದಳು, ಆಮೇಲೆ ಸಲಿಕೆ ಬಿಟ್ಟು ಮಂಡಿಯೂರಿ ಕೈಯಿಂದ ತೋಡತೊಡಗಿದಳು. ಮಗಳನ್ನೇ ಅದರೊಳಗೆ ಯಾರೋ ಹೂತಿದ್ದಾರೆ ಅನ್ನಿಸತೊಡಗಿತ್ತು. ಬೀದಿಯ ಮನೆಗಳಲ್ಲಿ ದೀಪ ಹತ್ತಿದವು.

ಆಗ ಅವಳ ಮುಂದಿನ ಹಿಮ ಕೆಂಪಾಯಿತು. ಆಮೇಲೆ ನೀಲಿ. ಮತ್ತೆ ಕೆಂಪು.

ರೋಸಾಲಿ ತಿರುಗಲಿಲ್ಲ. ಆ ಬಣ್ಣ ಯಾವುದೆಂದು ಅವಳಿಗೆ ಗೊತ್ತಿತ್ತು. ಪೊಲೀಸರು ಮನೆ ಬಾಗಿಲಿಗೆ ಏತಕ್ಕೆ ಬರುತ್ತಾರೆ ಎನ್ನುವುದೂ ಗೊತ್ತಿತ್ತು. ಕ್ಲಬ್ಬಿನ ಇಬ್ಬರು ಗೆಳತಿಯರ ಮನೆಗೆ ಸಾವಿನ ಸುದ್ದಿ ಹೊತ್ತು ಹಾಗೇ ಬಂದಿದ್ದರು. ತಿರುಗದಿದ್ದರೆ ಪೊಲೀಸಿನವನು ಬಂದೇ ಇಲ್ಲ. ಒಂದು ಕೈದೀಪದ ಬೆಳಕು ಅವಳ ಪಕ್ಕದ ಹಿಮದ ಮೇಲೆ ಬಿದ್ದು ಮೆಲ್ಲಗೆ ಆಚೆ ಈಚೆ ಆಡಿತು. ಕಿವಿ ಕೇಳದವರನ್ನು ಹಾಗೆ ಕರೆಯಬೇಕೆಂದು ಬಲ್ಲವರು ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ಯಾರು ಎಂದು ಯೋಚಿಸುವ ಬುದ್ಧಿ ಅವಳಿಗೆ ಉಳಿದಿರಲಿಲ್ಲ. ಮಂಡಿಯ ಮೇಲೆಯೇ ತಿರುಗಿದಳು.

ಎತ್ತರದ ಹುಡುಗ, ಮೂಗಿನವರೆಗೆ ಮಫ್ಲರು ಸುತ್ತಿದ್ದ. ಮಫ್ಲರು ಅಲ್ಲಾಡುತ್ತಿತ್ತು, ಅಂದರೆ ಅದರ ಹಿಂದೆ ಬಾಯಿ ಏನೋ ಹೇಳುತ್ತಿತ್ತು. ತನ್ನ ತಪ್ಪು ಅರಿವಾದವನಂತೆ ಅವನು ಅದನ್ನು ಗಲ್ಲಕ್ಕೆ ಇಳಿಸಿದ. ತುಟಿಗಳಲ್ಲಿ ಅವಳಿಗೆ ಒಂದೇ ಪದ ಸಿಕ್ಕಿತು: ಮಗಳು. ಉಳಿದದ್ದು ಗಾಳಿಗೆ ಹೋಯಿತು. ಅವನು ಕೈಗವಸು ಕಚ್ಚಿ ಎಳೆದು, ತನ್ನ ಫೋನು ತೆಗೆದು, ಬೆರಳಾಡಿಸಲು ಹೊರಟ.

ರೋಸಾಲಿ ಎದ್ದು ಅವನ ಮುಂಗೈ ಹಿಡಿದುಕೊಂಡಳು. ಬೇಡ ಎಂದು ತಲೆಯಾಡಿಸಿದಳು. ಬದುಕಿಡೀ ಎದುರಿಗೆ ಬಂದವರಿಗೆಲ್ಲ ಬರೆದು ತೋರಿಸಿ, ಬರೆದು ತೋರಿಸಿ ಎಂದು ಬೇಡಿದವಳು, ಈಗ ಬರೆಯಬೇಡ ಎಂದು ಒಬ್ಬ ಪೊಲೀಸನ ಕೈ ಹಿಡಿದು ನಿಂತಿದ್ದಳು. ಅವನು ಬರೆಯುವವರೆಗೆ ಹುಡುಗಿ ಬದುಕಿರುತ್ತಾಳೆ. ಹುಡುಗ ಕೈ ಕಿತ್ತುಕೊಳ್ಳಲಿಲ್ಲ. ಇನ್ನೊಂದು ಕೈಯ ಹೆಬ್ಬೆರಳಿನಿಂದ, ತಡವರಿಸುತ್ತ ಬರೆದು, ಪರದೆಯನ್ನು ಅವಳ ಮುಖದ ಹತ್ತಿರ ತಂದ.

"ನಿಮ್ಮ ಮಗಳು" ಎಂದು ಮೊದಲಿತ್ತು. ಅಲ್ಲಿಗೆ ಕಣ್ಣು ಮುಚ್ಚಿದಳು. ಅವನು ಅವಳ ಭುಜ ತಟ್ಟಿ, ಮುಂದೆ, ಮುಂದೆ ಎಂಬಂತೆ ಪರದೆಗೆ ಬೆರಳು ಒತ್ತಿ ತೋರಿಸಿದ.

"ನಿಮ್ಮ ಮಗಳು ಫೋನ್ ಮಾಡಿದ್ರು. ನೀವು ಉತ್ತರಾನೇ ಕೊಡ್ತಿಲ್ವಂತೆ. ನಿಮಗೇನೋ ಆಗಿದೆ ಅಂತ ತುಂಬಾ ಹೆದರಿದ್ದಾರೆ. ನೀವು ಹುಷಾರಾಗಿದ್ದೀರಾ?"

ಅವಳು ಅದನ್ನು ಮತ್ತೆ ಓದಿದಳು. ಗಂಟಲಿನಿಂದ ಏನೋ ಹೊರಟಿತು. ಪಾರ್ಕಿನಲ್ಲಿ ಹೊರಟದ್ದೇ ಇರಬೇಕು, ಎದುರುಮನೆಯವರು ಕಿಟಕಿಗೆ ಬಂದರು. ಹುಡುಗ ಹಿಂದೆ ಸರಿಯಲಿಲ್ಲ. ಅವಳು ಅವನ ಫೋನಿನಲ್ಲೇ ಬರೆದು ಕೇಳಿದಳು: ಎಲ್ಲಿದ್ದಾಳೆ? ಹೆದ್ದಾರಿ ಮುಚ್ಚಿದ್ದರಿಂದ ಪೆಟ್ರೋಲು ಬಂಕಿನ ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡಿದ್ದಾಳೆ, ಬಹಳ ಹೊತ್ತಾಯಿತು ಎಂದು ಅವನು ಬರೆದ. ಹಾಗಾದರೆ ಅವಳು ಮೆಸೇಜಿನ ಮೇಲೆ ಮೆಸೇಜು ಕಳಿಸಿದ್ದಾಳೆ, ಎಲ್ಲವೂ ಈ ಹಿಮದ ಗುಡ್ಡೆಯೊಳಗೆ ಆರಿದ ಫೋನಿಗೆ. ಹುಡುಗಿಗಾಗಿ ಮೌನವಿದ್ದವಳು ಆ ಮೌನದಿಂದಲೇ ಹುಡುಗಿಯ ಜೀವ ತೆಗೆಯುತ್ತಿದ್ದಳು.

ಹುಡುಗನ ಫೋನಿನಿಂದಲೇ ಮಗಳಿಗೆ ಮೆಸೇಜು ಹೋಯಿತು. "ನಾನು ಅಮ್ಮ. ಚೆನ್ನಾಗಿದೀನಿ. ನೀನು ಟೈಪ್ ಮಾಡಬಾರದು ಅಂತ ಫೋನು ಆಚೆ ಇಟ್ಟಿದ್ದೆ."

ಉತ್ತರ ಬರಲು ಈ ಸಲ ಸ್ವಲ್ಪ ಹೊತ್ತು ಹಿಡಿಯಿತು. "ಮೂರ್ಛೆ ಹೋಗಿ ಬಿದ್ದಿದೀಯಾ ಅನ್ಕೊಂಡೆ. ನೀನು ಯಾವತ್ತೂ ಹೀಗೆ ಮಾಡಿದ್ದಿಲ್ಲ ಅಮ್ಮಾ." ಅದರ ಹಿಂದೆಯೇ ಇನ್ನೊಂದು: "ಈಗ ರಸ್ತೆ ಬಿಟ್ಟಿದಾರೆ. ನನ್ನ ಫೋನು ಡಿಕ್ಕಿಗೆ ಹಾಕಿ ಹೊರಡ್ತೀನಿ. ಮನೇಗೆ ಬರೋವರೆಗೂ ತೆಗೆಯಲ್ಲ. ನೀನು ಹೆದರ್ಕೋಬಾರದು, ಆಯ್ತಾ?"

"ಆಯ್ತು," ಎಂದು ರೋಸಾಲಿ ಬರೆದಳು. ಅದು ಸುಳ್ಳು. ಹುಡುಗ ಫೋನು ಜೇಬಿಗಿಟ್ಟು, ಅವಳ ಸಲಿಕೆಯನ್ನು ಹೊಸ್ತಿಲವರೆಗೆ ತಂದು ನಿಲ್ಲಿಸಿ, ಹೋದ.

ಆಮೇಲಿನ ಹೊತ್ತನ್ನು ಅವಳು ಕಿಟಕಿಯ ಹತ್ತಿರ ನಿಂತೇ ಕಳೆದಳು. ಜಗಲಿಯ ದೀಪ ಹತ್ತಿಸಿದಳು. ಹೆದರಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ, ಆದರೆ ಈಗ ಅದು ಒಬ್ಬಳದೇ ಅಲ್ಲ ಎಂದು ಗೊತ್ತಿತ್ತು. ಕೊನೆಗೆ ಅಂಗಾಲಿಗೆ ಬಂತು: ಜಗಲಿಯ ಹಲಗೆಯ ಮೇಲೆ ಧಡ್, ಧಡ್. ಬೂಟಿನ ಹಿಮ ಉದುರಿಸುವ ನೆಪದಲ್ಲಿ ಅಮ್ಮನಿಗೆ ನಾನು ಬಂದೆ ಎಂದು ಹೇಳುವ ಒದೆತ, ಮರಿಸ್ಸಾ ಚಿಕ್ಕಂದಿನಿಂದ ಒದೆಯುವ ಹಾಗೇ. ಬಾಗಿಲು ತೆರೆಯುವ ಮೊದಲೇ ರೋಸಾಲಿ ಕೆನ್ನೆಯ ಗುಳಿಗೆ ಬೆರಳು ತಟ್ಟುತ್ತಿದ್ದಳು.

ಅಪ್ಪಿಕೊಂಡದ್ದು ಮುಗಿದ ಮೇಲೆ ಜಗಳ ಶುರುವಾಯಿತು, ಅದೂ ಕೈಯಲ್ಲೇ. "ಅಂಚೆ ಪೆಟ್ಟಿಗೇಲಿ? ಬೇರೆ ಜಾಗಾನೇ ಸಿಗ್ಲಿಲ್ವಾ ನಿಂಗೆ?" ಎಂದಳು ಮಗಳು. "ನೀನು ಬೇಡ ಅಂದ್ರೂ ಉತ್ತರ ಕೊಟ್ಯಲ್ಲ ಕೋತಿ," ಎಂದಳು ತಾಯಿ. "ಕಲಿಸಿದ್ದು ಯಾರು?" ಎಂದು ಮಗಳು ಕೇಳಿದಳು. ರೋಸಾಲಿ ನಾನೇ ಎಂದು ಎದೆ ಮುಟ್ಟಿಕೊಂಡಳು.

ಮರಿಸ್ಸಾ ಡಿಕ್ಕಿಯಿಂದ ಫೋನು ತಂದು ಮೇಜಿನ ಮೇಲಿಟ್ಟಳು. ಇಡುವಾಗ ಪರದೆ ನೋಡಿ ಅವಳ ಮುಖ ಇಳಿಯಿತು. ಮಧ್ಯಾಹ್ನ ಅಮ್ಮ ಓ ಅನ್ನದಿದ್ದಾಗ ಅವಳು ಅಪ್ಪನಿಗೂ ಕಳಿಸಿದ್ದಳು, ಸಾಲು ಸಾಲಾಗಿ: ಅಮ್ಮ ಉತ್ತರ ಕೊಡ್ತಿಲ್ಲ, ಅಮ್ಮನಿಗೇನೋ ಆಗಿದೆ, ಪೊಲೀಸರಿಗೆ ಫೋನ್ ಮಾಡ್ತಿದೀನಿ. ಅಮ್ಮ ಸಿಕ್ಕಿದಳು ಎಂದು ಕಳಿಸುವುದು ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಲೈಲನ ಪಾಳಿ ಈಗ ತಾನೇ ಮುಗಿದಿತ್ತು, ಕಪಾಟಿನ ಬೀಗ ತೆಗೆಸಿ ಅವನು ಫೋನು ತೆಗೆದುಕೊಂಡಿದ್ದ. ಅವನ ಮೆಸೇಜು ಬಂದು ಹೆಚ್ಚು ಹೊತ್ತಾಗಿರಲಿಲ್ಲ.

"ಹೊರಟೆ. ಕಾರಲ್ಲಿದೀನಿ. ಅಮ್ಮ ಬದುಕಿದಾಳಾ?"

ಮರಿಸ್ಸಾಳ ಹೆಬ್ಬೆರಳು ಪರದೆಯ ಮೇಲೆ ಇಳಿಯುತ್ತಿತ್ತು. ರೋಸಾಲಿ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹೊರಗೆ ಹಿಮ ಇನ್ನೂ ಬೀಳುತ್ತಿತ್ತು. ಕಳಿಸಿದರೆ ಅವನು ಓದುತ್ತಾನೆ, ಓದಿದ ತಕ್ಷಣ ಉತ್ತರ ಕೊಡುತ್ತಾನೆ. ಕಳಿಸದಿದ್ದರೆ ಹೆಂಡತಿ ಸತ್ತಳೆಂದುಕೊಂಡೇ ಅಷ್ಟೂ ದಾರಿ ಬರುತ್ತಾನೆ.

"ಏನ್ ಮಾಡೋಣ ಅಮ್ಮಾ?" ಎಂದಳು ಮಗಳು, ಒಂದೇ ಕೈಯಲ್ಲಿ.

ರೋಸಾಲಿ ಹಿಡಿದ ಕೈ ಬಿಡಲಿಲ್ಲ. ಫೋನನ್ನು ಮೇಜಿನ ನಡುವೆ ಬಿಟ್ಟು, ಮನೆಯ ದೀಪಗಳನ್ನೆಲ್ಲ ಹತ್ತಿಸಿ, ಇಬ್ಬರೂ ಲೈಲ್ ಬೀದಿಗೆ ತಿರುಗಿದ ಕೂಡಲೇ ಕಾಣುವ ಹಾಗೆ ಕಿಟಕಿಯ ಮುಂದೆ ನಿಂತರು.